ಬೌಲಿಂಗ್ ಚೆಂಡಿನ ತೂಕಕ್ಕಿಂತ ಮೊದಲು ನೋಡಬೇಕಾದದ್ದು ಅದರ ತೂತು

ಕಾರ್ಖಾನೆಯ ಗೆಳೆಯರೊಡನೆ ಕೋಲಾರದಿಂದ ಹೊರಟು ಬೆಂಗಳೂರಿನ ಮಾಲ್ ಒಂದರಲ್ಲಿ ಮೊದಲ ಬಾರಿ ಬೌಲಿಂಗ್ (ಬೆರಳು ತೂರಿಸುವ ತೂತುಗಳಿರುವ ಭಾರದ ಚೆಂಡನ್ನು ಉರುಳಿಸಿ ಹತ್ತು ಪಿನ್‌ಗಳನ್ನು ಬೀಳಿಸುವ ಆಟ) ಆಡಿದ ದಿನ, ನಾನು ಚೆಂಡನ್ನು ಆರಿಸಿದ್ದು ಬಣ್ಣ ನೋಡಿ ಮತ್ತು ಪಕ್ಕದವನಿಗಿಂತ ಭಾರವಾದದ್ದನ್ನು ಎತ್ತಬೇಕೆಂಬ ಹಟದಿಂದ. ಹೆಬ್ಬೆರಳಿನ ತೂತು ಬಿಗಿಯಾಗಿತ್ತು; ಪ್ರತಿ ಎಸೆತಕ್ಕೂ ಬೆರಳು ‘ಟಪ್’ ಎಂದು ಕಳಚಿಕೊಂಡು ಬರುತ್ತಿತ್ತು, ಅದನ್ನೇ ಆಟದ ಗತ್ತು ಎಂದು ತಿಳಿದಿದ್ದೆ. ಅಂದು ರಾತ್ರಿ ಊಟಕ್ಕೆ ಕುಳಿತಾಗ ಮುದ್ದೆ ಮುರಿಯಲು ಹೆಬ್ಬೆರಳು ಒಪ್ಪಲಿಲ್ಲ. ಅದರ ಒಳಮಗ್ಗುಲು ಜೋಮು ಹಿಡಿದಂತೆ ಎರಡು ದಿನ ಮರಗಟ್ಟಿಯೇ ಇತ್ತು. ತಪ್ಪು ತೂಕದ್ದು ಎಂದು ಆಗ ಅಂದುಕೊಂಡೆ. ನಿಜವಾಗಿ ತಪ್ಪಿದ್ದು ಅಳತೆ.

ಒಂದು ಆಟದಲ್ಲಿ ಆಟಗಾರನೊಬ್ಬ 11ರಿಂದ 21 ಬಾರಿ ಚೆಂಡನ್ನು ಎಸೆಯುತ್ತಾನೆ. ಮೂರು ಆಟಕ್ಕೆ 50 ಎಸೆತಗಳೆಂದು ಲೆಕ್ಕ ಹಿಡಿದರೆ, 12 ಪೌಂಡಿನ, ಅಂದರೆ ಸುಮಾರು 5.4 ಕೆ.ಜಿ. ತೂಗುವ ಚೆಂಡಿನಲ್ಲಿ ಒಟ್ಟು 270 ಕೆ.ಜಿ. ಭಾರವನ್ನು ಬೀಸಿದಂತಾಗುತ್ತದೆ. ನಮ್ಮ ಎಪಿಎಂಸಿಯ ಲೆಕ್ಕದಲ್ಲಿ ಹೇಳುವುದಾದರೆ ಅದು 15 ಕೆ.ಜಿ.ಯ 18 ಟೊಮೆಟೊ ಬಾಕ್ಸ್‌ಗಳಿಗೆ ಸಮ. ಆದರೆ ಹಮಾಲಿಗಳು ಬಾಕ್ಸನ್ನು ಎರಡೂ ಕೈಗಳಿಂದ ಹಿಡಿದು ಬೆನ್ನು, ಹೆಗಲುಗಳ ಬಲದಿಂದ ಎತ್ತುತ್ತಾರೆ. ಬೌಲಿಂಗ್‌ನಲ್ಲಿ ಅಷ್ಟೂ ಭಾರ ಒಂದೇ ಕೈಯ ಮೂರು ಬೆರಳುಗಳಿಗೆ ಜೋತುಬೀಳುತ್ತದೆ. ತೂತುಗಳು ಕೈಗೆ ಹೊಂದಿದ್ದರೆ ಚೆಂಡು ತಾನಾಗಿ ನಿಲ್ಲುತ್ತದೆ, ಹೊಂದದಿದ್ದರೆ ಅದು ಜಾರದಂತೆ ಬೆರಳುಗಳು ಹಿಚುಕಿ ಹಿಡಿಯಬೇಕಾಗುತ್ತದೆ. ಕೈಗೆ ಆಗುವ ಹೆಚ್ಚಿನ ತೊಂದರೆಗಳು ಹುಟ್ಟುವುದು ಈ ಹಿಚುಕುವಿಕೆಯಿಂದಲೇ. ಕಾವು ಸಡಿಲವಾದ ಗುದ್ದಲಿ ಹಿಡಿದವನ ಅಂಗೈಯಲ್ಲಿ ಬೊಬ್ಬೆ ಬೇಗ ಏಳುವುದಕ್ಕೂ ಇದೇ ಕಾರಣ.

ಚೆಂಡಿನ ಗಾತ್ರ ತೂಕದೊಂದಿಗೆ ಬದಲಾಗುವುದಿಲ್ಲ. 6 ಪೌಂಡಿನದಾಗಲಿ, ನಿಯಮ ಒಪ್ಪುವ ಗರಿಷ್ಠ ತೂಕವಾದ 16 ಪೌಂಡಿನದಾಗಲಿ, ವ್ಯಾಸ ಸುಮಾರು ಎಂಟೂವರೆ ಇಂಚೇ. ಬದಲಾಗುವುದು ತೂತುಗಳ ಅಗಲ ಮತ್ತು ಹೆಬ್ಬೆರಳಿನ ತೂತಿನಿಂದ ಉಳಿದೆರಡು ತೂತುಗಳಿಗೆ ಇರುವ ದೂರ. ಈ ದೂರಕ್ಕೆ ಸ್ಪ್ಯಾನ್ ಎಂದು ಹೆಸರು. ಬಾಡಿಗೆಗೆ ಇಡುವ ಚೆಂಡುಗಳಲ್ಲಿ ಹಗುರವಾದವಕ್ಕೆ ಸಣ್ಣ ತೂತು, ಭಾರವಾದವಕ್ಕೆ ದೊಡ್ಡ ತೂತು ಕೊರೆದಿರುವುದು ರೂಢಿ. ಹೀಗಾಗಿ ತೆಳ್ಳನೆಯ ಮೈಕಟ್ಟಿದ್ದು ಹೆಬ್ಬೆರಳು ಮಾತ್ರ ದಪ್ಪವಾಗಿರುವವರಿಗೆ ಹಗುರ ಚೆಂಡಿನಲ್ಲಿ ಬೆರಳೇ ಹೋಗುವುದಿಲ್ಲ, ಬೆರಳು ಹೋಗುವ ಚೆಂಡು ತೋಳಿಗೆ ಭಾರವಾಗುತ್ತದೆ. ಇಂಥವರು ಸ್ಟ್ಯಾಂಡಿನಲ್ಲಿರುವ ನಾಲ್ಕಾರು ಚೆಂಡುಗಳನ್ನು ತಾಳ್ಮೆಯಿಂದ ಪರೀಕ್ಷಿಸದೆ ಬೇರೆ ದಾರಿಯಿಲ್ಲ.

ಪರೀಕ್ಷೆಯನ್ನು ಹೆಬ್ಬೆರಳಿನಿಂದ ಆರಂಭಿಸಬೇಕು. ಅದಕ್ಕೂ ಮೊದಲು ಉಂಗುರ ತೆಗೆದಿಡಿ, ಏಕೆಂದರೆ ತೂತಿಗೆ ಹೋಗುವುದು ಹೆಬ್ಬೆರಳು, ನಡುಬೆರಳು ಮತ್ತು ಉಂಗುರದ ಬೆರಳು. ತೋರುಬೆರಳು ಹೊರಗೇ ಉಳಿಯುತ್ತದೆ. ತೂತಿನ ಅಂಚನ್ನು ಒಮ್ಮೆ ಬೆರಳ ತುದಿಯಿಂದ ಸುತ್ತ ಸವರಿ ನೋಡಿ: ಹಲವರು ಬಳಸಿ ಬಿಟ್ಟ ಚೆಂಡುಗಳಲ್ಲಿ ಅಂಚು ಅಲ್ಲಲ್ಲಿ ಸಿಬಿರೆದ್ದು ಚರ್ಮವನ್ನು ತರಚುವಷ್ಟು ಚೂಪಾಗಿರುವುದುಂಟು. ಆಮೇಲೆ ಹೆಬ್ಬೆರಳನ್ನು ಬುಡದವರೆಗೂ ಇಳಿಸಿ, ಒಳಗೇ ನಿಧಾನವಾಗಿ ತಿರುಗಿಸಬೇಕು. ಸುತ್ತಲೂ ಗೋಡೆ ಸವರಿದಂತಾಗಬೇಕು, ಎಲ್ಲಿಯೂ ಒತ್ತಬಾರದು, ಎಳೆದಾಗ ಸದ್ದಿಲ್ಲದೆ ಹೊರಬರಬೇಕು. ಬಳೆ ಅಂಗಡಿಯಲ್ಲಿ 2.4 ಅಳತೆಗೂ 2.6 ಅಳತೆಗೂ ಇರುವ ವ್ಯತ್ಯಾಸ ಒಂದು ಇಂಚಿನ ಎಂಟನೇ ಒಂದು ಪಾಲು ಮಾತ್ರ. ಆದರೂ ಒಂದು ಸಲೀಸಾಗಿ ಏರುತ್ತದೆ, ಇನ್ನೊಂದು ಗೆಣ್ಣಿನ ಸಿಪ್ಪೆ ಸುಲಿಯುತ್ತದೆ. ಬೌಲಿಂಗ್ ಚೆಂಡು ಕೊರೆಯುವವರು ಹೆಬ್ಬೆರಳಿನ ತೂತನ್ನು ಇಂಚಿನ 64ನೇ ಒಂದು ಭಾಗದ ಲೆಕ್ಕದಲ್ಲಿ ಹೆಚ್ಚು ಕಡಿಮೆ ಮಾಡುತ್ತಾರೆ ಎಂಬುದನ್ನು ನೆನೆದರೆ, ‘ಸ್ವಲ್ಪ ಬಿಗಿ, ಪರವಾಗಿಲ್ಲ’ ಎಂಬ ಮಾತು ಎಷ್ಟು ದುಬಾರಿ ಎಂದು ತಿಳಿಯುತ್ತದೆ.

ಎರಡನೆಯದು ಸ್ಪ್ಯಾನ್. ಹೆಬ್ಬೆರಳನ್ನು ಪೂರ್ತಿ ಒಳಗಿಟ್ಟು, ಉಳಿದೆರಡು ಬೆರಳುಗಳನ್ನು ತೂತಿಗೆ ಹಾಕದೆ ಚೆಂಡಿನ ಮೇಲೆ ಸುಮ್ಮನೆ ಚಾಚಿ. ಬೆರಳ ತುದಿಯಿಂದ ಎಣಿಸಿದರೆ ಸಿಗುವ ಎರಡನೆಯ ಗೆಣ್ಣಿನ ಗೆರೆಯು, ಹೆಬ್ಬೆರಳಿನ ಕಡೆಗಿರುವ ತೂತಿನಂಚನ್ನು ಸುಮಾರು ಕಾಲಿಂಚು ದಾಟಿರಬೇಕು. ಬಳಿಕ ಬೆರಳುಗಳನ್ನು ಒಳಗಿಳಿಸಿ, ಅಂಗೈಗೂ ಚೆಂಡಿಗೂ ನಡುವೆ ಒಂದು ಪೆನ್ಸಿಲ್ ತೂರಿಸಲು ಗೆಳೆಯರಿಗೆ ಹೇಳಿ. ಪೆನ್ಸಿಲ್ ಸರಾಗವಾಗಿ ಹೋದರೆ ಸರಿ. ಹೋಗಲು ಎಡೆಯೇ ಇಲ್ಲದಿದ್ದು, ಹೆಬ್ಬೆರಳು ಮತ್ತು ತೋರುಬೆರಳಿನ ನಡುವಣ ಚರ್ಮ ಬಿಳುಪೇರುವಷ್ಟು ಎಳೆದಿದ್ದರೆ ಸ್ಪ್ಯಾನ್ ಉದ್ದವಾಯಿತು. ಹೆಬ್ಬೆರಳಿನ ಬುಡದ ಕೀಲು ಮತ್ತು ಸ್ನಾಯುರಜ್ಜುಗಳು ಪ್ರತಿ ಬೀಸಿಗೂ ಜಗ್ಗುತ್ತವೆ, ಚೆಂಡು ಬಿಡುವ ಗಳಿಗೆಯಲ್ಲಿ ಬೆರಳು ಒಳಗೇ ಸಿಕ್ಕಿಕೊಳ್ಳಲೂಬಹುದು. ಪೆನ್ಸಿಲ್ ಹೋದ ಮೇಲೂ ದೊಡ್ಡ ಪೊಳ್ಳು ಉಳಿದರೆ ಸ್ಪ್ಯಾನ್ ಗಿಡ್ಡವಾಯಿತು, ಚೆಂಡು ತೂಗಾಡದಂತೆ ಮತ್ತೆ ಹಿಚುಕಬೇಕಾಗುತ್ತದೆ.

ಕೊನೆಗೆ, ಇನ್ನೊಂದು ಕೈಯನ್ನು ಆಸರೆಯಾಗಿ ಕೆಳಗಿಟ್ಟುಕೊಂಡು ಚೆಂಡನ್ನು ಮಗ್ಗುಲಲ್ಲಿ ಇಳಿಬಿಟ್ಟು ಮೆಲ್ಲಗೆ ತೂಗಿ ನೋಡಬೇಕು. ಬೆರಳ ಗೆಣ್ಣುಗಳು ಬಿಗಿಯದೆ ಚೆಂಡು ನಿಂತರೆ ಅದು ನಿಮ್ಮದು. ಎರಡೂ ಬಗೆಯಲ್ಲಿ ಸರಿಹೊಂದುವ ಚೆಂಡು ಸಿಗದೇ ಹೋದಾಗ ನಾನು ಅನುಸರಿಸುವ ನಿಯಮ ಹೀಗಿದೆ: ತುಸು ಸಡಿಲವಾದ ತೂತಿಗೆ, ಕೌಂಟರಿನಲ್ಲಿ ಕೇಳಿಕೊಂಡು, ಒಳಗೆ ಬೌಲಿಂಗ್ ಟೇಪಿನ ಒಂದೆರಡು ಪಟ್ಟಿ ಅಂಟಿಸಿ ಸರಿಪಡಿಸಬಹುದು, ಬಿಗಿಯಾದ ತೂತಿಗೆ ಅಲ್ಲಿ ಯಾವ ಉಪಾಯವೂ ಇಲ್ಲ, ಆದ್ದರಿಂದ ಅದನ್ನು ಮುಟ್ಟಬಾರದು. ಆಡುತ್ತಾ ಹೋದಂತೆ ಹೆಬ್ಬೆರಳು ಊದಿಕೊಳ್ಳುವುದು ಸಹಜ. ಮೊದಲ ಆಟಕ್ಕೆ ಸರಿಯಾಗಿದ್ದದ್ದು ಮೂರನೆಯ ಆಟಕ್ಕೆ ಬಿಗಿಯಾದರೆ ಒಂದು ಪಟ್ಟಿ ಕಿತ್ತುಹಾಕಿ, ಇಲ್ಲವೇ ಚೆಂಡು ಬದಲಿಸಿ. ಸ್ಟ್ಯಾಂಡಿನಿಂದ ಚೆಂಡನ್ನು ಎತ್ತಿಕೊಳ್ಳುವಾಗಲೂ ಎರಡು ಕೈ ಬಳಸಿ. ತೂತಿಗೆ ಬೆರಳು ತುರುಕಿ ಎತ್ತುವುದು ಆ ಬೆರಳುಗಳಿಗೆ ಸುಮ್ಮನೆ ಕೊಡುವ ಹೆಚ್ಚುವರಿ ಶ್ರಮ.

ಬಿಗಿ ತೂತಿನಲ್ಲೇ ಮುಂದುವರಿದರೆ ಏನಾಗುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹೆಬ್ಬೆರಳಿನಲ್ಲಿ, ತೋರುಬೆರಳಿನ ಕಡೆಯ ಮಗ್ಗುಲಿನಲ್ಲಿ, ಚರ್ಮದ ಕೆಳಗೇ ಒಂದು ನರ ಹಾದುಹೋಗುತ್ತದೆ. ತೂತಿನ ಅಂಚು ಅದೇ ಜಾಗವನ್ನು ಮತ್ತೆ ಮತ್ತೆ ಒತ್ತುತ್ತಿದ್ದರೆ ನರದ ಸುತ್ತ ಗಾಯದ ಕಲೆಯಂಥ ನಾರು ಬೆಳೆದು ಸಣ್ಣ ಗಂಟಾಗುತ್ತದೆ. ವೈದ್ಯರು ಇದನ್ನು ‘ಬೌಲರ್ಸ್ ಥಂಬ್’ ಎನ್ನುತ್ತಾರೆ. ಬೆರಳು ಜುಮುಗುಡುವುದು, ಒಂದು ಮಗ್ಗುಲು ಮರಗಟ್ಟುವುದು, ಗಂಟಿನ ಮೇಲೆ ತಟ್ಟಿದರೆ ಕರೆಂಟು ಹೊಡೆದಂತಾಗುವುದು ಇದರ ಗುರುತುಗಳು. ಬೇಗ ಗಮನಿಸಿ ಆಟ ನಿಲ್ಲಿಸಿ, ತೂತಿನ ಅಳತೆ ಬದಲಿಸಿಕೊಂಡರೆ ಸಾಮಾನ್ಯವಾಗಿ ಇಳಿಯುತ್ತದೆ. ಶಸ್ತ್ರಚಿಕಿತ್ಸೆಯ ಮಟ್ಟಕ್ಕೆ ಹೋಗುವುದು ವಿರಳ. ಮಣಿಕಟ್ಟಿನಲ್ಲಿ ಹೆಬ್ಬೆರಳಿನ ಬದಿಗೆ ನೋವು ಬರುವುದು ಇನ್ನೊಂದು ತೊಂದರೆ. ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಿಚಿ ಮಣಿಕಟ್ಟನ್ನು ಕಿರುಬೆರಳಿನ ಕಡೆಗೆ ಬಾಗಿಸಿದಾಗ ಆ ನೋವು ಚುರುಕಾದರೆ, ಸ್ನಾಯುರಜ್ಜಿನ ಹೊದಿಕೆ ಊದಿಕೊಂಡಿರುವ ಸಾಧ್ಯತೆಯಿದೆ. ಎಣ್ಣೆ ಹಚ್ಚಿ ನೀವಿಕೊಂಡು ಮರುವಾರ ಮತ್ತೆ ಆಡಲು ಹೊರಡುವ ನಮ್ಮ ಅಭ್ಯಾಸ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ನೋವು ಅಥವಾ ಜೋಮು ಒಂದು ವಾರ ಕಳೆದರೂ ಉಳಿದರೆ ಮೂಳೆ ಮತ್ತು ಕೀಲು ತಜ್ಞರಿಗೆ ಕೈ ತೋರಿಸಿ, ಬೌಲಿಂಗ್ ಆಡುವ ವಿಷಯವನ್ನು ಮರೆಯದೆ ತಿಳಿಸಿ.

ತಿಂಗಳಿಗೆ ಎರಡು ಮೂರು ಬಾರಿ ಆಡುವವರು ತಮ್ಮದೇ ಚೆಂಡು ಕೊರೆಸಿಕೊಳ್ಳುವುದು ಒಳ್ಳೆಯದು. ಅಲ್ಲಿ ಪ್ರತಿ ಬೆರಳಿನ ದಪ್ಪ, ಎರಡು ಬೆರಳುಗಳ ಬೇರೆ ಬೇರೆ ಸ್ಪ್ಯಾನ್, ತೂತು ಚೆಂಡಿನ ಕೇಂದ್ರದಿಂದ ಯಾವ ಕಡೆಗೆ ಎಷ್ಟು ವಾಲಿರಬೇಕೆಂಬ ಪಿಚ್, ಎಲ್ಲವನ್ನೂ ನಿಮ್ಮ ಕೈ ನೋಡಿಯೇ ನಿರ್ಧರಿಸುತ್ತಾರೆ. ನಡುಬೆರಳಿಗೂ ಉಂಗುರದ ಬೆರಳಿಗೂ ಅಳತೆ ಬೇರೆಯಾದ್ದರಿಂದ ಬಲಗೈಯವರ ಚೆಂಡು ಎಡಗೈಯವರಿಗೆ ಹೊಂದುವುದಿಲ್ಲ. ಅಣ್ಣನ ಚೆಂಡನ್ನು ತಮ್ಮ ಎರವಲು ಪಡೆಯುವುದೂ ಇದೇ ಕಾರಣಕ್ಕೆ ಬೇಡ. ಅಳತೆ ಕೊಡಲು ಹೋಗುವ ದಿನ ಕೈಗೆ ಊತವಾಗಲಿ ಗಾಯವಾಗಲಿ ಇರಬಾರದು. ಕೋಲಾರದಿಂದ ಬಿಸಿಲಿನಲ್ಲಿ ಬೈಕಿನ ಹ್ಯಾಂಡಲ್ ಹಿಡಿದು ಬಂದವರು, ಅರ್ಧ ಗಂಟೆ ಕುಳಿತು ಕೈ ತಣಿದ ಮೇಲೆ ಅಳತೆ ಕೊಡಲಿ.