ಹೊಸ ಬೈಕಿನ ಪೇಂಟ್ ದೋಷ: ಯಾವುದನ್ನು ಉಜ್ಜಬಹುದು, ಯಾವುದನ್ನು ವಾಪಸ್ ಕೊಡಬೇಕು

ಬೈಕಿಗೆ ಹಾರ ಹಾಕಿ ಫೋಟೊ ತೆಗೆಸಿಕೊಳ್ಳುವ ಹೊತ್ತಿಗೆ ಪೇಂಟ್ ನೋಡಲು ಹೋದರೆ ತಡವಾಗಿರುತ್ತದೆ. ಅಷ್ಟರಲ್ಲಿ ಇನ್‌ವಾಯ್ಸ್, ಇನ್ಶೂರೆನ್ಸ್, ಆರ್‌ಟಿಒ ಅರ್ಜಿ ಎಲ್ಲದರಲ್ಲೂ ಆ ಗಾಡಿಯ ಚಾಸಿಸ್ ನಂಬರ್ ಕೂತಿರುತ್ತದೆ. ಬದಲಿಸಿಕೊಡಿ ಎಂದರೆ ಶೋರೂಮಿನವರು ಕೈಚೆಲ್ಲುತ್ತಾರೆ. ಹಾಗಾಗಿ ಬುಕಿಂಗ್ ದುಡ್ಡು ಕಟ್ಟುವಾಗಲೇ ‘ರಿಜಿಸ್ಟ್ರೇಶನ್‌ಗೆ ಮುಂಚೆ ಗಾಡಿ ನೋಡ್ತೀನಿ’ ಎಂದು ಹೇಳಿ, ವಾಟ್ಸಾಪಿನಲ್ಲೂ ಒಂದು ಸಾಲು ಹಾಕಿಡಿ. ನೋಡುವವರೆಗೆ ಪಾಲಿಶ್, ಟೆಫ್ಲಾನ್ ಕೋಟಿಂಗ್ ಯಾವುದೂ ಬೇಡ ಎನ್ನಿ. ಕೆಲವು ಪಾಲಿಶ್‌ಗಳಲ್ಲಿ ಸಣ್ಣ ಗೀರು ತುಂಬುವ ಪದಾರ್ಥ ಇರುತ್ತದೆ. ನಾಲ್ಕು ಸಲ ತೊಳೆದರೆ ಅದೇ ಗೀರು ಮತ್ತೆ ಕಾಣಿಸಿಕೊಳ್ಳುತ್ತದೆ.

ಧೂಳು ಕೂತ ಗಾಡಿ ನೋಡಿ ಪ್ರಯೋಜನವಿಲ್ಲ, ತೊಳೆಸಿ. ಟ್ಯಾಂಕಿನ ಮೇಲೆ ಬೀಳುವ ಟ್ಯೂಬ್‌ಲೈಟಿನ ಪ್ರತಿಬಿಂಬ ನೋಡಿ: ಅಂಚು ನೇರವಾಗಿದ್ದರೆ ಸರಿ, ಕಿತ್ತಳೆ ಸಿಪ್ಪೆಯ ಹಾಗೆ ತರಿತರಿಯಾಗಿದ್ದರೆ ಅದೇ ಆರೆಂಜ್ ಪೀಲ್. ಆಮೇಲೆ ಮೊಬೈಲ್ ಟಾರ್ಚ್ ಓರೆಯಾಗಿ ಹಿಡಿದು ಪ್ಯಾನೆಲ್‌ನಿಂದ ಪ್ಯಾನೆಲ್‌ಗೆ ಹೋಗಿ. ಬಣ್ಣದ ಶೇಡ್ ನೋಡಲು ಮಾತ್ರ ಗಾಡಿಯನ್ನು ಹೊರಗೆ ಹಗಲ ಬೆಳಕಿಗೆ ತರಿಸಲೇಬೇಕು. ಹೆಚ್ಚಿನವರು ಟ್ಯಾಂಕಿನ ಮೇಲ್ಭಾಗ ನೋಡಿ ಮುಗಿಸುತ್ತಾರೆ; ತೊಂದರೆ ಇರುವುದು ಬೇರೆ ಕಡೆ. ಟ್ಯಾಂಕಿನ ಎರಡು ತಗಡು ಸೇರುವ ಕೆಳಗಿನ ವೆಲ್ಡ್ ಅಂಚು, ಪೆಟ್ರೋಲ್ ಕ್ಯಾಪಿನ ಸುತ್ತ, ಸೀಟಿನ ಅಡಿ, ಹ್ಯಾಂಡಲ್ ಪೂರ್ತಿ ತಿರುಗಿಸಿದಾಗ ಕೇಬಲ್ ತಾಗುವ ಜಾಗ, ಹಿಂದಿನ ಚಕ್ರ ಹಿಡಿದಿರುವ ಸ್ವಿಂಗ್‌ಆರ್ಮ್‌ನ ತಳ, ಸೈಡ್ ಸ್ಟ್ಯಾಂಡ್ ಬ್ರಾಕೆಟ್. ವೆಲ್ಡ್ ಅಂಚಿನಲ್ಲಿ ಪೇಂಟ್ ತೆಳುವಾಗಿ ಕೂತಿದ್ದರೆ ತುಕ್ಕು ಶುರುವಾಗುವುದು ಅಲ್ಲಿಂದಲೇ. ಮಂಗಳೂರು, ಉಡುಪಿ, ಕಾರವಾರದ ಉಪ್ಪುಗಾಳಿಯಲ್ಲಿ ಅದು ಇನ್ನೂ ಬೇಗ.

ಸಿಕ್ಕ ದೋಷಗಳೆಲ್ಲ ಒಂದೇ ಅಲ್ಲ. ಪೇಂಟ್ ಒದ್ದೆ ಇದ್ದಾಗ ಬಿದ್ದ ಧೂಳಿನ ಕಣ ಉಗುರಿಗೆ ತಾಗುತ್ತದೆ. ಅದು ಬಣ್ಣದ ಮೇಲಿನ ಪಾರದರ್ಶಕ ಪದರವಾದ ಕ್ಲಿಯರ್ ಕೋಟಿನಲ್ಲಷ್ಟೇ ಇದ್ದರೆ ಉಜ್ಜಿ ತೆಗೆಯಬಹುದು. ಪೇಂಟ್ ಕೆಳಗಿಳಿದು ಗಟ್ಟಿಯಾದ ಗೆರೆಯೂ ಸರಿಯಾಗುತ್ತದೆ, ಆದರೆ ಅದು ಪಳಗಿದ ಕೈಯ ಕೆಲಸ. ಸಣ್ಣ ದುಂಡು ಗುಳಿಗಳು ಬೇರೆಯೇ ಕಥೆ: ಪೇಂಟ್ ಹೊಡೆಯುವಾಗ ಮೇಲ್ಮೈಯಲ್ಲಿ ಎಣ್ಣೆ ಅಥವಾ ಸಿಲಿಕೋನ್ ಇದ್ದರೆ ಅಲ್ಲಿ ಪೇಂಟ್ ಹಿಂದೆ ಸರಿದು ಗುಳಿ ಬೀಳುತ್ತದೆ. ಸೂಜಿಮೊನೆಯಷ್ಟು ತೂತುಗಳಿದ್ದರೆ, ಒಳಗೆ ಸಿಕ್ಕಿಕೊಂಡ ಥಿನ್ನರ್ ಪೇಂಟ್ ಬೇಯಿಸುವ ಒಲೆಯಲ್ಲಿ ಗುಳ್ಳೆಯೆದ್ದು ಒಡೆದಿದೆ ಎಂದರ್ಥ. ಇವೆರಡೂ ಪಾಲಿಶ್‌ಗೆ ಬಗ್ಗುವುದಿಲ್ಲ. ಗುಳ್ಳೆ, ಏಳುತ್ತಿರುವ ಪದರ, ಅಂಚಿನ ತುಕ್ಕು ಕಂಡರೆ ಚರ್ಚೆಯೇ ಬೇಡ, ಆ ಭಾಗ ಬದಲಾಗಬೇಕು. ಟ್ಯಾಂಕಿಗೂ ಪ್ಲಾಸ್ಟಿಕ್ ಸೈಡ್ ಪ್ಯಾನೆಲ್‌ಗೂ ಶೇಡ್ ಸ್ವಲ್ಪ ಹೆಚ್ಚುಕಮ್ಮಿ ಇರುವುದು, ಅದರಲ್ಲೂ ಮೆಟಾಲಿಕ್ ಬಣ್ಣದಲ್ಲಿ, ಸಾಮಾನ್ಯ. ಎರಡನ್ನೂ ಬೇರೆಬೇರೆಯಾಗಿ ಹೊಡೆದಿರುತ್ತಾರೆ. ಎರಡು ಮೀಟರ್ ದೂರದಿಂದಲೂ ಎದ್ದು ಕಂಡರೆ ಮಾತ್ರ ಜಗಳಕ್ಕೆ ನಿಲ್ಲಿ. ಆರೆಂಜ್ ಪೀಲ್ ತೀರಾ ಒರಟಾಗಿಲ್ಲದಿದ್ದರೆ ಬಿಟ್ಟುಬಿಡುವುದೇ ಜಾಣತನ. ಕ್ಲಿಯರ್ ಕೋಟ್ ಇರುವುದೇ ಸಾಮಾನ್ಯವಾಗಿ 35ರಿಂದ 50 ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು). ಬಿಸಿಲಿನಿಂದ ಬಣ್ಣ ಕಾಯುವುದು ಅದೇ, ಹೊಳಪಿಗೋಸ್ಕರ ಅದನ್ನು ತೆಳು ಮಾಡಿಕೊಳ್ಳುವುದು ನಷ್ಟದ ವ್ಯಾಪಾರ.

ಶೋರೂಮಿನವರು ‘ಟಚ್‌ಅಪ್ ಮಾಡಿಸಿ ಕೊಡ್ತೀವಿ ಸಾರ್’ ಎನ್ನುತ್ತಾರೆ. ಒಪ್ಪಬೇಡಿ, ಹೊಸ ಪಾರ್ಟ್ ಕೇಳಿ. ಕಾರ್ಖಾನೆಯಲ್ಲಿ ಲೋಹದ ಭಾಗವನ್ನು ಸುಮಾರು 140 ಡಿಗ್ರಿಯಲ್ಲಿ ಬೇಯಿಸುತ್ತಾರೆ. ಹೊರಗಿನ ಪೇಂಟ್ ಬೂತ್‌ಗಳಲ್ಲಿ ಅದು 60 ಡಿಗ್ರಿ ಆಸುಪಾಸು, ಹಾಗಾಗಿ ಕಾರ್ಖಾನೆಯ ಪೇಂಟಿಗೆ ಸಮವಾಗದು. ಸ್ಟಿಕರ್ ಮೇಲೆ ಕ್ಲಿಯರ್ ಹೊಡೆದಿರುವ ಟ್ಯಾಂಕ್ ಆದರಂತೂ ಹೊರಗೆ ಹೊಡೆಸಿದ್ದು ಗೊತ್ತಾಗದೆ ಇರುವುದಿಲ್ಲ. ದೋಷದ ಹತ್ತಿರದ ಫೋಟೊ, ದೂರದ ಫೋಟೊ, ಚಾಸಿಸ್ ನಂಬರಿನ ಫೋಟೊ ಮೂರೂ ಇರಲಿ. ಬಾಯಿಮಾತಿನ ಭರವಸೆ ಸಾಲದು, ಯಾವ ಪಾರ್ಟ್ ಯಾವ ತಾರೀಕಿನೊಳಗೆ ಎಂದು ಜಾಬ್ ಕಾರ್ಡಿನಲ್ಲಿ ಬರೆಸಿ. ವಾರಂಟಿ ಪುಸ್ತಕಗಳಲ್ಲಿ ಪೇಂಟ್ ಮತ್ತು ತುಕ್ಕನ್ನು ಹೊರಗಿಟ್ಟಿರುವುದು ಸಾಮಾನ್ಯ, ಆದ್ದರಿಂದ ಈ ಕಾಗದವೇ ಆಧಾರ. ಮೊದಲು ಡೀಲರ್, ಆಮೇಲೆ ಕಂಪನಿಗೆ ಇಮೇಲ್, ಅದಕ್ಕೂ ಜಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915, ಕೊನೆಗೆ ಜಿಲ್ಲಾ ಗ್ರಾಹಕ ಆಯೋಗ. ದೂರಿಗೆ ಎರಡು ವರ್ಷ ಅವಧಿ ಇದೆ. ಕೊಟ್ಟ ಬೆಲೆ 5 ಲಕ್ಷದವರೆಗೆ ಇದ್ದರೆ ಶುಲ್ಕ ಇಲ್ಲ. ಈ ವಿಷಯ ಇತ್ಯರ್ಥವಾಗುವವರೆಗೆ ಆ ಜಾಗಕ್ಕೆ ನೀವು ಕೈ ಹಚ್ಚಬೇಡಿ; ಉಜ್ಜಿದರೆ ‘ನೀವೇ ಮಾಡಿದ್ದು’ ಎನ್ನಲು ದಾರಿಯಾಗುತ್ತದೆ.

ಒಂದೆರಡು ಧೂಳಿನ ಕಣ ಅಷ್ಟೇ, ವಾಪಸ್ ಕೊಡುವಷ್ಟಿಲ್ಲ ಅನ್ನಿಸಿದರೆ ಮನೆಯಲ್ಲೇ ತೆಗೆಯಬಹುದು. 2000 ಮತ್ತು 3000 ನಂಬರಿನ ವಾಟರ್ ಪೇಪರ್ (ನೀರಲ್ಲಿ ನೆನೆಸಿ ಉಜ್ಜುವ ನುಣುಪು ಉಪ್ಪುಕಾಗದ), ಗಟ್ಟಿ ರಬ್ಬರಿನಿಂದ ಕತ್ತರಿಸಿದ ಒಂದು ಸೆಂಟಿಮೀಟರ್ ಅಗಲದ ತುಂಡು, ಮಾಸ್ಕಿಂಗ್ ಟೇಪ್, ಫೈನ್ ಕಾಂಪೌಂಡ್ (ಉಜ್ಜಿದ ಗೀರು ತೆಗೆಯುವ ಪೇಸ್ಟ್), ಫಿನಿಶಿಂಗ್ ಪಾಲಿಶ್, ಎರಡು ಮೈಕ್ರೋಫೈಬರ್ ಬಟ್ಟೆ ಬೇಕು. ಅರ್ಧ ಲೀಟರ್ ನೀರಿಗೆ ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ಪೇಪರನ್ನು ಹದಿನೈದು ನಿಮಿಷ ನೆನೆಸಿ. ಕಣದ ಸುತ್ತ ಟೇಪ್ ಅಂಟಿಸಿ, ಪೇಪರನ್ನು ರಬ್ಬರಿಗೆ ಸುತ್ತಿ, ಕಣದ ತಲೆಯ ಮೇಲೆ ಮಾತ್ರ ಹಗುರವಾಗಿ ಐದಾರು ಸಲ 2000 ಆಡಿಸಿ, ಒರೆಸಿ ನೋಡಿ. ಬೆರಳಿನಿಂದ ನೇರ ಉಜ್ಜಿದರೆ ಒತ್ತಡ ಒಂದೇ ಕಡೆ ಬಿದ್ದು ಗುಳಿಯಾಗುತ್ತದೆ. ನೀರು ಬೆಳ್ಳಗೆ ಬರುತ್ತಿದ್ದರೆ ನೀವಿನ್ನೂ ಕ್ಲಿಯರ್‌ನಲ್ಲಿದ್ದೀರಿ. ಅದರಲ್ಲಿ ಬಣ್ಣ ಕಂಡ ತಕ್ಷಣ ನಿಲ್ಲಿಸಿ. ಕಣ ಸಪಾಟಾದ ಮೇಲೆ ಟೇಪ್ ಕಿತ್ತು, 3000ದಲ್ಲಿ ಅಡ್ಡ ದಿಕ್ಕಿಗೆ ಉಜ್ಜಿದರೆ ಜಾಗ ಒಂದೇ ಸಮನೆ ಮಂಕಾಗುತ್ತದೆ. ಆಮೇಲೆ ಕೈಯಲ್ಲೇ ಕಾಂಪೌಂಡ್, ಕೊನೆಗೆ ಪಾಲಿಶ್. ಟ್ಯಾಂಕಿನ ಚೂಪು ಏಣುಗಳ ಮೇಲೆ ಪೇಂಟ್ ಎಲ್ಲಕ್ಕಿಂತ ತೆಳು, ಅಲ್ಲಿಗೂ ಸ್ಟಿಕರ್ ಅಂಚಿಗೂ ಹೋಗಲೇಬೇಡಿ. ಮ್ಯಾಟ್ ಪೇಂಟಿಗಂತೂ ಈ ಯಾವುದೂ ಸಲ್ಲದು. ಉಜ್ಜಿದ ಜಾಗ ಹೊಳೆಯುವ ಕಲೆಯಾಗಿ ಉಳಿಯುತ್ತದೆ, ಅದನ್ನು ಮತ್ತೆ ಮ್ಯಾಟ್ ಮಾಡಲಾಗದು.

ಟ್ಯಾಂಕ್ ಬದಲಾಗಿ ಬಂದರೆ ಕ್ಯಾಪ್ ತೆಗೆದು ಟಾರ್ಚ್ ಹಾಕಿ ಒಳಗೆ ತುಕ್ಕಿಲ್ಲ ಎಂದು ನೋಡಿ, ತುಂಬಿಸಿ ನಿಲ್ಲಿಸಿದಾಗ ಪೈಪ್ ಜೋಡಿಸಿದ ಕಡೆ ಪೆಟ್ರೋಲ್ ಜಿನುಗುತ್ತಿದೆಯೇ ಪರೀಕ್ಷಿಸಿ. ಕಾರ್ಖಾನೆಯಿಂದ ಬೆಂದು ಬಂದ ಭಾಗಕ್ಕೆ ಅವತ್ತೇ ವ್ಯಾಕ್ಸ್ ಹಚ್ಚಬಹುದು. ಹೊರಗೆ ಹೊಡೆಸಿದ ಪೇಂಟಾದರೆ ಒಂದು ತಿಂಗಳು ತಡೆಯಿರಿ, ಒಳಗಿನ ಥಿನ್ನರ್ ಪೂರ್ತಿ ಆರಿಹೋಗಬೇಕು.