ಹಳೇ ಕಾಲೇಜು ಫುಟ್‌ಬಾಲ್ ಆಟಗಾರನ ಜಾಡು ಹಿಡಿಯುವುದು ಹೇಗೆ

ಅಮೆರಿಕದ 1880, 90ರ ದಶಕದ ಕಾಲೇಜು ಫುಟ್‌ಬಾಲ್ (ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕನ್ ಫುಟ್‌ಬಾಲ್) ಆಟಗಾರರನ್ನು ಹುಡುಕುವುದು ನನಗೆ ತುಂಬಾ ಇಷ್ಟದ ಕೆಲಸ. ನಿಮಗೂ ಒಬ್ಬರ ಬಗ್ಗೆ ಬರೆಯುವ ಆಸೆ ಇದ್ದರೆ, ಮೊದಲು ಆ ಕಾಲದ ನಿಯಮಗಳನ್ನು ಒಂದು ಚೀಟಿಯಲ್ಲಿ ಬರೆದು ಮೇಜಿನ ಮುಂದೆ ಅಂಟಿಸಿಕೊಳ್ಳಿ.

ನನ್ನ ಚೀಟಿಯಲ್ಲಿ ಇರುವುದು ಇಷ್ಟೇ: 1882ರಿಂದ ಮೂರು ಡೌನ್‌ಗಳಲ್ಲಿ (ಚೆಂಡನ್ನು ಮುಂದೊಯ್ಯುವ ಪ್ರಯತ್ನಗಳಲ್ಲಿ) ಐದು ಗಜ ಸಾಗಬೇಕು. ಫಾರ್ವರ್ಡ್ ಪಾಸ್‌ಗೆ (ಚೆಂಡನ್ನು ಕೈಯಿಂದ ಮುಂದಕ್ಕೆ ಎಸೆಯಲು) ಅನುಮತಿ 1906ರಿಂದ. ಟಚ್‌ಡೌನ್‌ಗೆ (ಚೆಂಡನ್ನು ಎದುರಾಳಿಯ ಗೋಲು ಗೆರೆ ದಾಟಿಸಿದರೆ) 1892ರಲ್ಲಿ 4 ಅಂಕ, 1912ರಿಂದ 6.

ಇದು ಯಾಕೆ ಬೇಕು ಅಂತೀರಾ? ಯೇಲ್‌ನಲ್ಲಿ ಆಡಿ ಹೆಸರು ಮಾಡಿದ್ದ ಪಡ್ಜ್ ಹೆಫೆಲ್‌ಫಿಂಗರ್ 1892ರ ನವೆಂಬರ್ 12ರಂದು ಅಲಿಗೇನಿ ಅಥ್ಲೆಟಿಕ್ ಅಸೋಸಿಯೇಷನ್ ಎಂಬ ಕ್ಲಬ್ ಪರ ಆಡಿದರು. ಎದುರಾಳಿಯ ಕೈತಪ್ಪಿದ ಚೆಂಡನ್ನು ಎತ್ತಿಕೊಂಡು ಓಡಿ ಟಚ್‌ಡೌನ್ ಮಾಡಿದರು. ಫಲಿತಾಂಶ 4–0. ಮೊದಲ ಸಲ ಇದನ್ನು ನೋಡಿದಾಗ ಪತ್ರಿಕೆಯಲ್ಲಿ ಅಚ್ಚು ತಪ್ಪಿದೆ ಅಂತಲೇ ನಾನು ಅಂದುಕೊಂಡಿದ್ದೆ. ತಪ್ಪು ಪತ್ರಿಕೆಯದ್ದಲ್ಲ, ಟಚ್‌ಡೌನ್‌ಗೆ ಈಗಿನಂತೆ 6 ಅಂಕ ಅಂತ ಹಿಡಿದಿದ್ದ ನನ್ನ ಲೆಕ್ಕದ್ದು. ಆ ಆಟಕ್ಕೆ ಅವರಿಗೆ 500 ಡಾಲರ್ ಕೊಟ್ಟಿದ್ದು ಆ ಸಂಸ್ಥೆಯ ಖರ್ಚಿನ ಪುಟದಲ್ಲೇ ಇದೆ. ಆಟಗಾರನ ಕಥೆ ಕ್ರೀಡಾ ಪುಟದಲ್ಲಿ ಮಾತ್ರ ಇರುವುದಿಲ್ಲ, ಜಮಾಖರ್ಚಿನ ಹಾಳೆಯನ್ನೂ ಬಿಡಬೇಡಿ.

ಹಳೇ ಪತ್ರಿಕೆಗಳಿಗೆ ಲೈಬ್ರರಿ ಆಫ್ ಕಾಂಗ್ರೆಸ್‌ನ ಕ್ರಾನಿಕ್ಲಿಂಗ್ ಅಮೆರಿಕ ಎಂಬ ಆನ್‌ಲೈನ್ ಸಂಗ್ರಹ ಸಾಕು, ದುಡ್ಡು ಕೊಡಬೇಕಿಲ್ಲ. ‘ಫುಟ್ ಬಾಲ್’ ಅಂತ ಎರಡು ಪದ ಮಾಡಿಯೂ ಹುಡುಕಿ, ಆಗ ಹಾಗೇ ಬರೆಯುತ್ತಿದ್ದರು. ವರದಿಯ ಕೊನೆಗೆ ಸಾಮಾನ್ಯವಾಗಿ ಮೂರು ಕಾಲಂಗಳ ಪಟ್ಟಿ ಸಿಗುತ್ತದೆ: ನಡುವೆ ಸ್ಥಾನ, ಎಡಬಲಕ್ಕೆ ಎರಡು ತಂಡದವರ ಹೆಸರು. ಬಹುತೇಕ ಬರೀ ಮನೆತನದ ಹೆಸರು ಇರುತ್ತದೆ. ಹಾಗಾಗಿ ಹೆಸರಿನ ಜೊತೆ ಸ್ಥಾನವನ್ನೂ ಬರೆದಿಟ್ಟುಕೊಳ್ಳಿ. ಹೋದ ವರ್ಷ ಸೆಂಟರ್ (ಮುಂದಿನ ಸಾಲಿನ ನಡುವಿನವನು) ಆಗಿದ್ದವನು ಈ ವರ್ಷ ಇದ್ದಕ್ಕಿದ್ದಂತೆ ಹಾಫ್‌ಬ್ಯಾಕ್ (ಹಿಂದೆ ನಿಂತು ಚೆಂಡು ಹಿಡಿದು ಓಡುವವನು) ಆಗಿದ್ದರೆ, ಅದೇ ಹೆಸರಿನ ಬೇರೆ ಹುಡುಗ ಇರಬಹುದು, ಅಲ್ವಾ?

ಆ ವರ್ಷದ ಅತ್ಯುತ್ತಮ ಕಾಲೇಜು ಆಟಗಾರರು ಅಂತ ಆರಿಸುವ ಆಲ್-ಅಮೆರಿಕ ಪಟ್ಟಿಯನ್ನು ಮಾತ್ರ ಜಾಸ್ತಿ ನಂಬಬೇಡಿ. 1889ರ ಮೊದಲ ಪಟ್ಟಿಯ ಹನ್ನೊಂದೂ ಜನ ಯೇಲ್, ಹಾರ್ವರ್ಡ್, ಪ್ರಿನ್ಸ್‌ಟನ್‌ನವರೇ.

ಡಿಗ್ರಿ ಮುಗಿಯಿತು ಅಂತ ಹುಡುಕಾಟ ನಿಲ್ಲಿಸಬೇಡಿ. ವಿಲಿಯಂ ಹೆನ್ರಿ ಲೂಯಿಸ್ ಆಮ್‌ಹರ್ಸ್ಟ್ ಕಾಲೇಜಿನಲ್ಲಿ ಓದು ಮುಗಿಸಿ ಹಾರ್ವರ್ಡ್‌ನಲ್ಲಿ ಕಾನೂನು ಓದುತ್ತಾ ಮತ್ತೆ ಸೆಂಟರ್ ಆಗಿ ಆಡಿದರು. 1892, 93ರಲ್ಲಿ ಆಲ್-ಅಮೆರಿಕ ತಂಡಕ್ಕೆ ಆಯ್ಕೆಯಾದರು, ಆ ಗೌರವ ಸಿಕ್ಕ ಮೊದಲ ಕಪ್ಪು ಆಟಗಾರ ಅವರೇ. ಆಮ್‌ಹರ್ಸ್ಟ್ ದಾಖಲೆಯಷ್ಟೇ ನೋಡಿದವರಿಗೆ ಇದು ಸಿಗುವುದೇ ಇಲ್ಲ. ನಂತರ ಅವರು ಹಾರ್ವರ್ಡ್‌ನಲ್ಲಿ ಕೋಚ್ ಆದರು, ವಕೀಲರಾದರು, ಅಮೆರಿಕದ ಸಹಾಯಕ ಅಟಾರ್ನಿ ಜನರಲ್ ಕೂಡ ಆದರು. ಅದಕ್ಕೇ ನಾನು ಪ್ರತಿ ಆಟಗಾರನಿಗೂ ಪುಸ್ತಕದಲ್ಲಿ ನಾಲ್ಕೈದು ಖಾಲಿ ಹಾಳೆ ಬಿಟ್ಟಿರುತ್ತೇನೆ.