ಒಣಗುವ ಹೊತ್ತಿಗೆ ಎರಡು ಪುಟ: ಕೈಗೆ ದಾರದ ಬಳೆ, ಉಗುರಿಗೆ ಇಳಕಲ್ ಸೆರಗು

ಕಾಲೇಜಿನಲ್ಲಿ ಸೀರೆ ಉಡುವ ದಿನ ಬಂತೆಂದರೆ ಹಾಜರಿ ತೆಗೆದುಕೊಳ್ಳುವಾಗಲೇ ಎರಡು ಬಗೆಯ ಕೈಗಳು ನನ್ನ ಕಣ್ಣಿಗೆ ಬೀಳುತ್ತವೆ. ಒಂದರಲ್ಲಿ ರೇಷ್ಮೆ ದಾರದ ಬಳೆಯ ತುದಿ ಬಿಚ್ಚಿಕೊಂಡು ಮೊಣಕೈವರೆಗೆ ಜೋತಾಡುತ್ತಿರುತ್ತದೆ. ಇನ್ನೊಂದರ ಉಗುರುಬಣ್ಣದ ಮೇಲೆ ಹಾಸಿಗೆ ಹೊದಿಕೆಯ ನೇಯ್ಗೆ ಎಳೆ ಎಳೆಯಾಗಿ ಅಚ್ಚೊತ್ತಿರುತ್ತದೆ. ಕೇಳಿದರೆ ಉತ್ತರ ಒಂದೇ: ‘ಸಮಯ ಸಿಗಲಿಲ್ಲ ಮೇಡಂ, ರಾತ್ರಿ ಹನ್ನೊಂದಕ್ಕೆ ಕುಳಿತೆವು.’

ಲೆಕ್ಕ ಹಾಕಿ ನೋಡಿ. ಒಂದು ಬಳೆಗೆ ದಾರ ಸುತ್ತಲು ಅರ್ಧ ಗಂಟೆ ಸಾಕು. ಹತ್ತು ಉಗುರಿಗೆ ಬಣ್ಣ ಬಳಿಯಲು ಇಪ್ಪತ್ತು ನಿಮಿಷ. ಮಿಕ್ಕದ್ದೆಲ್ಲ ಒಣಗುವ ಹೊತ್ತು, ಆ ಹೊತ್ತಿನಲ್ಲಿ ಧಾರಾಳವಾಗಿ ಓದಬಹುದು. ಹಾಗಾಗಿ ಹಬ್ಬ ಶುಕ್ರವಾರವಿದ್ದರೆ ಬಳೆಯನ್ನು ಮಂಗಳವಾರ ಮತ್ತು ಬುಧವಾರ ಮುಗಿಸಿ. ಗುರುವಾರ ಸಂಜೆ ಉಗುರಿಗಿರಲಿ.

ಬಳೆ ಮತ್ತು ದಾರ ಕೊಳ್ಳುವಾಗ

ಫ್ಯಾನ್ಸಿ ಸ್ಟೋರಿನಲ್ಲಿ ಸಾದಾ ಪ್ಲಾಸ್ಟಿಕ್ ಬಳೆ, ದಾರದ ರೀಲು, ಬಟ್ಟೆಗೆ ಹಚ್ಚುವ ಗೋಂದು ಮತ್ತು ಒಂದು ಗಜ ಹರಳಿನ ಸರ ಕೊಂಡರೆ ಸಾಮಾನು ಮುಗಿಯಿತು. ಬಳೆ ಬೆರಳಿನಷ್ಟು ಅಗಲವಿರಲಿ. ತೀರಾ ಸಣ್ಣ ಬಳೆಗೆ ಸುತ್ತುವುದು ಮೊದಲ ಸಲದವರ ಕೆಲಸವಲ್ಲ.

ಅಳತೆಯಲ್ಲಿ ಎಲ್ಲರೂ ಎಡವುತ್ತಾರೆ. 2.4, 2.6, 2.8 ಎಂಬುದು ದಶಮಾಂಶವಲ್ಲ. ಚುಕ್ಕಿಯ ಮುಂದಿನದು ಅಂಗುಲವನ್ನು ಹದಿನಾರು ಪಾಲು ಮಾಡಿದ ಲೆಕ್ಕ. 2.4 ಎಂದರೆ ಒಳವ್ಯಾಸ ಎರಡೂಕಾಲು ಅಂಗುಲ, 2.8 ಎಂದರೆ ಎರಡೂವರೆ. ದಾರ ಸುತ್ತಿದ ಮೇಲೆ ಒಳಗಿನ ಜಾಗ ಕಿರಿದಾಗುವುದರಿಂದ ನಿಮ್ಮ ಗಾಜಿನ ಬಳೆಯ ಅಳತೆಗಿಂತ ಒಂದು ಹೆಜ್ಜೆ ದೊಡ್ಡದನ್ನು ತನ್ನಿ.

‘ರೇಷ್ಮೆ ದಾರ’ ಎಂದು ಮಾರುವುದರಲ್ಲಿ ಬಹುಪಾಲು ರೇಷ್ಮೆಯೇ ಅಲ್ಲ. ತುಂಡೊಂದನ್ನು ಇಕ್ಕಳದಲ್ಲಿ ಹಿಡಿದು ಸುಟ್ಟು ನೋಡಿ. ಕೂದಲು ಸುಟ್ಟ ವಾಸನೆ ಬಂದರೆ ರೇಷ್ಮೆ, ಕಾಗದದ ವಾಸನೆ ಬಂದರೆ ರೇಯಾನ್, ಕರಗಿ ಗಟ್ಟಿ ಮಣಿಯಂತಾದರೆ ಪಾಲಿಯೆಸ್ಟರ್. ಬಳೆಗೆ ರೇಯಾನ್ ಸಾಕು, ಹೊಳಪೂ ಚೆನ್ನಾಗಿರುತ್ತದೆ. ಹಣ ಮಾತ್ರ ರೇಷ್ಮೆಯದ್ದನ್ನು ಕೊಡಬೇಡಿ.

ಸುತ್ತುವುದು

ಕೆಲಸ ಕೆಡುವುದು ಇಲ್ಲಿಯೇ, ಆದ್ದರಿಂದ ನಿಧಾನವಾಗಿ ಓದಿ. ದಾರವನ್ನು ಒಂದೊಂದೇ ಎಳೆಯಾಗಿ ಸುತ್ತಲು ಹೋದರೆ ಸೆಮಿಸ್ಟರ್ ಮುಗಿಯುತ್ತದೆ. ಇಪ್ಪತ್ತು ಎಳೆಗಳ ಕಟ್ಟು ಬೇಕು, ಪ್ರತಿ ಎಳೆಯೂ ಸುಮಾರು ಒಂದೂವರೆ ಮೀಟರ್. ಹಾಸ್ಟೆಲಿನಲ್ಲಿದ್ದರೆ ಅಳತೆಪಟ್ಟಿ ಬೇಡ. ಮಂಚದ ತಲೆಯ ಕಡೆಯ ಎರಡು ಕಾಲುಗಳಿಗೆ ದಾರವನ್ನು ಇಪ್ಪತ್ತು ಸುತ್ತು ಹಾಕಿ ಒಂದು ಕಡೆ ಕತ್ತರಿಸಿ.

ಬಳೆಯ ಒಳಮೈಗೆ ಒಂದು ಹನಿ ಗೋಂದು ಹಚ್ಚಿ, ಕಟ್ಟಿನ ತುದಿಯನ್ನು ರಿಬ್ಬನ್ನಿನಂತೆ ಚಪ್ಪಟೆಯಾಗಿ ಹರಡಿ ಅಂಟಿಸಿ. ಈಗ ಹತ್ತು ನಿಮಿಷ ಬಳೆಯನ್ನು ಮುಟ್ಟಬೇಡಿ, ಪುಸ್ತಕ ತೆರೆಯಿರಿ. ಹಸಿ ಗೋಂದಿನ ಮೇಲೆ ಎಳೆಯಲು ತೊಡಗಿದವರ ಬಳೆಯೇ ತರಗತಿಯಲ್ಲಿ ಬಿಚ್ಚಿಕೊಳ್ಳುವುದು.

ಸುತ್ತುವಾಗ ಎಳೆಗಳು ಒಂದರ ಪಕ್ಕ ಒಂದು ಮಲಗಬೇಕು, ಒಂದರ ಮೇಲೊಂದು ಹತ್ತಬಾರದು. ಪ್ರತಿ ಸುತ್ತಿಗೂ ಹೆಬ್ಬೆರಳಿನಿಂದ ಸವರಿ ಚಪ್ಪಟೆ ಮಾಡಿ. ಬಿಗಿ ಎಳೆದರೆ ಕಟ್ಟು ಹಗ್ಗದಂತೆ ಗುಂಡಗಾಗಿ ನಡುವೆ ಪ್ಲಾಸ್ಟಿಕ್ ಇಣುಕುತ್ತದೆ, ಸಡಿಲ ಬಿಟ್ಟರೆ ಜಾರುತ್ತದೆ. ಜಡೆ ಹೆಣೆಯುವಾಗಿನ ಬಿಗಿ ನೆನಪಿಸಿಕೊಳ್ಳಿ, ಅಷ್ಟೇ ಸಾಕು. ಹೊರಮೈಯಲ್ಲಿ ಹೊಸ ಸುತ್ತು ಹಳೆಯದರ ಅಂಚನ್ನು ಸ್ವಲ್ಪವೇ ಮುಚ್ಚಲಿ. ಒಳಮೈಯ ಸುತ್ತಳತೆ ಕಡಿಮೆಯಿರುವುದರಿಂದ ಅಲ್ಲಿ ಎಳೆಗಳು ತಾವಾಗಿಯೇ ಒತ್ತೊತ್ತಾಗಿ ಬೀಳುತ್ತವೆ. ಅದನ್ನು ಸರಿಮಾಡಲು ಹೋಗಬೇಡಿ, ಕಾಣುವುದು ಹೊರಗಿನದು.

ಇನ್ನೊಂದು ಯಾರೂ ಹೇಳಿಕೊಡದ ಮಾತು: ಒಂದೇ ದಿಕ್ಕಿಗೆ ಸುತ್ತುತ್ತಾ ಹೋದಂತೆ ಕಟ್ಟು ತಿರುಚಿಕೊಳ್ಳುತ್ತದೆ. ಐದು ಸುತ್ತಿಗೊಮ್ಮೆ ಬಳೆಯನ್ನು ಮೇಲೆತ್ತಿ ಹಿಡಿದು ದಾರವನ್ನು ಕೆಳಗೆ ಜೋತುಬಿಡಿ. ಅದು ತಾನೇ ಗಿರಕಿ ಹೊಡೆದು ಬಿಚ್ಚಿಕೊಳ್ಳುತ್ತದೆ. ಆಮೇಲೆ ದೊಡ್ಡ ಹಲ್ಲಿನ ಬಾಚಣಿಗೆಯಲ್ಲಿ ಒಮ್ಮೆ ಬಾಚಿ ಮುಂದುವರಿಯಿರಿ. ಈ ಒಂದು ಅಭ್ಯಾಸದಿಂದ ಮುಕ್ಕಾಲು ಸಿಕ್ಕು ತಪ್ಪುತ್ತದೆ.

ಗೋಂದು ಕಾಲು ಭಾಗಕ್ಕೊಮ್ಮೆ, ಒಳಮೈಗೆ ಮಾತ್ರ, ಗೆರೆಯಷ್ಟು ತೆಳುವಾಗಿ. ಹೊರಗೆ ಸೋರಿದ ಕಲೆ ಹೋಗುವುದಿಲ್ಲ. ದಾರ ನಡುವೆ ಮುಗಿದರೆ ತುದಿಯನ್ನು ಒಳಗೇ ಅಂಟಿಸಿ ಹೊಸ ಕಟ್ಟನ್ನು ಅಲ್ಲಿಂದಲೇ ಆರಂಭಿಸಿ. ಕೊನೆಯ ತುದಿಗೆ ಬಟ್ಟೆ ಒಣಹಾಕುವ ಕ್ಲಿಪ್ ಸಿಕ್ಕಿಸಿ ಮಲಗಿ. ಬೇಗ ಮುಗಿಯಲೆಂದು ಕ್ಷಣದಲ್ಲಿ ಹಿಡಿಯುವ ಗೋಂದು ಹಚ್ಚುವವರಿದ್ದಾರೆ. ಅದರ ಆವಿ ಬಣ್ಣದ ದಾರದ ಮೇಲೆ ಬೂದಿ ಬಳಿದಂತೆ ಬಿಳಿ ಮಂಜು ಕೂರಿಸುತ್ತದೆ, ದಾರ ಕಡ್ಡಿಯಂತಾಗುತ್ತದೆ. ಹಸಿ ಇರುವ ಆ ಗೋಂದನ್ನು ಹತ್ತಿಯಿಂದ ಒರೆಸಲು ಹೋದರೆ ಹತ್ತಿಯೇ ಬಿಸಿಯಾಗಿ ಬೆರಳು ಸುಡುತ್ತದೆ. ಆ ಟ್ಯೂಬು ಚಪ್ಪಲಿಗಿರಲಿ.

ಮರುದಿನ ಹರಳಿನ ಸರವನ್ನು ನಡುವೆ ಅಂಟಿಸಿ. ಬಳೆ ಸಿದ್ಧ.

ಉಗುರಿಗೆ ಸೆರಗು

ಇಳಕಲ್ ಸೀರೆಯ ಟೋಪ್ ತೆನಿ ಸೆರಗನ್ನು ನೆನಪಿಸಿಕೊಳ್ಳಿ: ಕೆಂಪು ನೆಲ, ಅದರೊಳಗೆ ಚಾಚಿದ ಬಿಳಿ ಹಲ್ಲುಗಳು. ಉಗುರಿಗೆ ಇದಕ್ಕಿಂತ ಸುಲಭದ, ಇದಕ್ಕಿಂತ ಅಂದದ ಚಿತ್ರ ನನಗೆ ಗೊತ್ತಿಲ್ಲ. ಎರಡೇ ಬಣ್ಣ ಸಾಕು. ಹೆಬ್ಬೆರಳು ಮತ್ತು ಉಂಗುರ ಬೆರಳಿಗೆ ಮಾತ್ರ ಚಿತ್ರ ಬರೆಯಿರಿ, ಉಳಿದವು ಬರೀ ಕೆಂಪಿರಲಿ. ಹತ್ತಕ್ಕೂ ಬರೆದರೆ ಕೈ ಜಾತ್ರೆಯಾಗುತ್ತದೆ.

ಊಟ ಮುಗಿಸಿಯೇ ಕುಳಿತುಕೊಳ್ಳಿ. ಹಸಿ ಬಣ್ಣದ ಕೈಯನ್ನು ಬಿಸಿ ಮುದ್ದೆಗಿಟ್ಟವರ ಪಾಡು ನೋಡಿದ್ದೇನೆ. ಸೊಳ್ಳೆಬತ್ತಿ, ಊದುಬತ್ತಿ ಆರಿಸಿ ಕಿಟಕಿ ತೆರೆಯಿರಿ, ಏಕೆಂದರೆ ಉಗುರುಬಣ್ಣವೂ ರಿಮೂವರೂ ಬೆಂಕಿ ಹತ್ತುವ ವಸ್ತುಗಳು. ಹಳೆಯ ಬಣ್ಣವಿಲ್ಲದಿದ್ದರೂ ಉಗುರನ್ನು ರಿಮೂವರಿನಲ್ಲಿ ಒಮ್ಮೆ ಒರೆಸಿ. ತಲೆಗೆ ಹಚ್ಚಿದ ಎಣ್ಣೆಯ ಪಸೆ ಉಗುರಿನ ಮೇಲಿದ್ದರೆ ಬಣ್ಣ ಮೂರನೆಯ ದಿನಕ್ಕೆ ಸಿಪ್ಪೆಯಂತೆ ಏಳುತ್ತದೆ. ಮೊದಲು ಬಣ್ಣವಿಲ್ಲದ ಬೇಸ್ ಕೋಟ್ ಹಚ್ಚಿ. ಇಲ್ಲದಿದ್ದರೆ ಕೆಂಪು ತೆಗೆದಾಗ ಉಗುರು ಹಳದಿಯಾಗಿ ಉಳಿಯುತ್ತದೆ.

ಶೀಶೆಯನ್ನು ಕುಲುಕಬೇಡಿ, ಗುಳ್ಳೆ ಸೇರುತ್ತವೆ. ಅಂಗೈಗಳ ನಡುವೆ ಉರುಳಿಸಿ. ಕುಂಚವನ್ನು ಶೀಶೆಯ ಬಾಯಿಗೆ ಒರೆಸಿ, ನಡುವೆ ಒಂದು ಎಳೆತ, ಎರಡು ಬದಿಗೆ ಒಂದೊಂದು. ಬುಡದ ಚರ್ಮಕ್ಕೆ ಕೂದಲೆಳೆಯಷ್ಟು ಜಾಗ ಬಿಡಿ. ಮೊದಲ ಪದರದಲ್ಲಿ ಉಗುರು ಅಲ್ಲಲ್ಲಿ ಕಂಡರೆ ಗಾಬರಿಯಾಗಬೇಡಿ, ಕಾಣಲೇಬೇಕು. ಉಗುರುಬಣ್ಣ ಒಣಗುವುದೆಂದರೆ ಅದರಲ್ಲಿರುವ ದ್ರಾವಕ ಆವಿಯಾಗಿ ಹೋಗುವುದು. ದಪ್ಪ ಬಳಿದರೆ ಮೇಲೆ ಹಾಲಿನ ಕೆನೆಯಂತೆ ಪೊರೆ ಕಟ್ಟಿ ದ್ರಾವಕ ಕೆಳಗೇ ಸಿಕ್ಕಿಬೀಳುತ್ತದೆ. ಮುಟ್ಟಿದರೆ ಒಣಗಿದಂತೆಯೇ ಇರುತ್ತದೆ, ಮಲಗಿದ ಮೇಲೆ ಹೊದಿಕೆಯ ಅಚ್ಚು ಬೀಳುತ್ತದೆ. ತೆಳುವಾದ ಎರಡು ಪದರ, ನಡುವೆ ಐದಾರು ನಿಮಿಷ.

ಎಡಗೈ ಮೊದಲು ಮುಗಿಸಿ, ಅದು ಒಣಗುವಾಗ ಬಲಗೈಯಿಂದ ಪುಟ ತಿರುಗಿಸುತ್ತಾ ಓದಿ. ನೆಲದ ಕೆಂಪಿಗೆ ಅರ್ಧ ಗಂಟೆಯಾದರೂ ಕೊಟ್ಟ ಮೇಲೆ, ಖಾಲಿಯಾದ ಬಾಲ್ ಪೆನ್ನಿನ ತುದಿಗೆ ಬಿಳಿ ಬಣ್ಣ ತಗುಲಿಸಿ ಉಗುರಿನ ಅಂಚಿನಲ್ಲಿ ಚುಕ್ಕಿ ಸಾಲು ಇಡಿ. ಪ್ರತಿ ಚುಕ್ಕಿಯನ್ನೂ ಹಸಿ ಇರುವಾಗಲೇ ಹಲ್ಲುಕಡ್ಡಿಯಿಂದ ಬುಡದ ಕಡೆಗೆ ಎಳೆದರೆ ಚೂಪಾದ ಹಲ್ಲು ಮೂಡುತ್ತದೆ. ಅಂಗಡಿಯ ನೇಲ್ ಆರ್ಟ್ ಸಲಕರಣೆಯ ಪೆಟ್ಟಿಗೆ ಬೇಡವೇ ಬೇಡ. ಮೇಲಿನ ಹೊಳಪಿನ ಪದರಕ್ಕೆ ಇಪ್ಪತ್ತು ನಿಮಿಷ ಕಾಯಿರಿ, ಇಲ್ಲವಾದರೆ ಬಿಳಿ ಹರಡಿ ಎಲ್ಲ ಗುಲಾಬಿಯಾಗುತ್ತದೆ.

ಅಗ್ಗದ ದೀಪ ತಂದು, ಅದರ ಬೆಳಕಿನಲ್ಲಿ ಗಟ್ಟಿಯಾಗುವ ಜೆಲ್ ಪಾಲಿಶ್ ಅನ್ನು ಕೋಣೆಯಲ್ಲೇ ಹಾಕಿಕೊಳ್ಳುವುದು ಈಗ ಹೆಚ್ಚುತ್ತಿದೆ. ಪೂರ್ತಿ ಗಟ್ಟಿಯಾಗದ ಜೆಲ್ ಚರ್ಮಕ್ಕೆ ತಾಗುತ್ತಿದ್ದರೆ ಅದರಲ್ಲಿರುವ ಅಕ್ರಿಲೇಟ್ ಎಂಬ ರಾಸಾಯನಿಕಕ್ಕೆ ಅಲರ್ಜಿ ಬರಬಹುದು, ಬಂದರೆ ಅದು ಸುಲಭವಾಗಿ ಬಿಟ್ಟುಹೋಗುವಂಥದ್ದಲ್ಲ. ನಾನು ಬೇಡವೆನ್ನುತ್ತೇನೆ. ನರ್ಸಿಂಗ್ ವಿದ್ಯಾರ್ಥಿನಿಯರು ವಾರ್ಡಿಗೆ ಹೋಗುವ ಮುನ್ನ ಯಾವ ಬಣ್ಣವಾದರೂ ತೆಗೆಯಲೇಬೇಕು, ಅವರು ಬಳೆಗಷ್ಟೇ ತೃಪ್ತಿಪಡಲಿ.

ತೆಗೆಯುವಾಗ ಉಜ್ಜಬೇಡಿ. ರಿಮೂವರಿನಲ್ಲಿ ನೆನೆಸಿದ ಹತ್ತಿಯನ್ನು ಉಗುರಿನ ಮೇಲೆ ಒತ್ತಿ ಹಿಡಿದು ಹತ್ತು ಎಣಿಸಿ, ತುದಿಯ ಕಡೆಗೆ ಒಮ್ಮೆ ಎಳೆಯಿರಿ. ಅದಕ್ಕೂ ಮೊದಲು ಬಳೆ ಬಿಚ್ಚಿಡಿ. ರಿಮೂವರಿನಲ್ಲಿರುವ ಅಸಿಟೋನ್ ಎಂಬ ದ್ರಾವಕ ತಾಗಿದರೆ ಕೆಲವು ಪ್ಲಾಸ್ಟಿಕ್ಕುಗಳು ಕರಗಿ ಅಂಟಂಟಾಗುತ್ತವೆ, ಮಂಗಳವಾರದ ಅರ್ಧ ಗಂಟೆ ಅಲ್ಲಿಗೆ ಹೋಯಿತು.